ಓಣಿಯ ಕಟ್ಟೆಯೇ ನಮ್ಮ ಸ್ಟುಡಿಯೋ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಿರೂಪಕರು ನನ್ನನ್ನು ಪರಿಚಯ ಮಾಡುವಾಗ 'ಧಾರಾವಾಹಿ ನಿರ್ದೇಶಕರು' ಅಂದರು. ಹಿಂದಿನ ಸಾಲಿನಲ್ಲಿ ನನ್ನ ಹೆಂಡತಿ ನಕ್ಕಿದ್ದು ಇಲ್ಲಿಂದಲೇ ಕಾಣಿಸಿತು. ನಾನು ಕುಷ್ಟಗಿಯಲ್ಲಿ ಮದುವೆ ವಿಡಿಯೋ ಮಾಡುವವನು. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಇಲ್ಲಿ ಕುಂತವರಲ್ಲಿ ಎಷ್ಟೋ ಮಂದಿಯ ಅಕ್ಷತೆ ನನ್ನ ಕ್ಯಾಮೆರಾದ ಮೇಲೂ ಬಿದ್ದಿದೆ. ಇನ್ನೂ ಬಾಕಿ ಕೊಡಬೇಕಾದವರೂ ಇದ್ದಾರೆ, ಹೆಸರು ಹೇಳೋದಿಲ್ಲ. ಅಂಥವನು ಒಂದು ನಗೆ ಧಾರಾವಾಹಿ ಮಾಡಲು ಹೋಗಿ ಏನೇನಾಯಿತು ಎಂಬುದನ್ನು ಹೇಳಬೇಕೆಂದು ನಮ್ಮ ಮುಖ್ಯ ಗುರುಗಳು ಅಪ್ಪಣೆ ಮಾಡಿದ್ದಾರೆ. ಆದದ್ದನ್ನೆಲ್ಲ ಹೇಳುತ್ತೇನೆ, ತಪ್ಪನ್ನೂ ಹೇಳುತ್ತೇನೆ. ಆ ತಪ್ಪು ಇದೇ ಶಾಲೆಯ ಅಂಗಳಕ್ಕೂ ಬಂದಿತ್ತು.

ಶುರುವಾದದ್ದು ಕೆಲಸ ಇಲ್ಲದ್ದರಿಂದ. 2020ರ ಮಾರ್ಚ್ 25ಕ್ಕೆ ದೇಶಕ್ಕೆಲ್ಲ ಲಾಕ್‌ಡೌನ್ ಬಿತ್ತು. ಏಪ್ರಿಲ್, ಮೇ ಅಂದರೆ ನಮಗೆ ಸುಗ್ಗಿ. ಗಂಗಾವತಿಯವರಿಗೆ ಭತ್ತದ ಕೊಯ್ಲು ಹೇಗೋ, ನಮಗೆ ಮದುವೆ ಸೀಜನ್ನು ಹಾಗೆ. ಆ ವರ್ಷ ಎಲ್ಲ ಮುಹೂರ್ತಗಳೂ ಹೋದವು. ಆಮೇಲೆ ಮದುವೆಗೆ 50 ಮಂದಿ ಅಂತ ಆಯಿತು. ಐವತ್ತು ಮಂದಿಯೊಳಗೆ ವಿಡಿಯೋದವನನ್ನು ಯಾರು ಲೆಕ್ಕ ಹಿಡಿಯುತ್ತಾರೆ? ಇತ್ತ ಓಣಿ ಮಾತ್ರ ತುಂಬಿತ್ತು. ಗೋವಾ, ಮಂಗಳೂರು, ಉಡುಪಿ, ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋದವರೆಲ್ಲ ಮರಳಿ ಬಂದಿದ್ದರು. ದೀಪಾವಳಿಗೂ ಬಾರದವರು ಕಟ್ಟೆಯ ಮೇಲೆ ಕುಂತಿದ್ದರು. ಮಾತೇ ಮಾತು. ನಿಯಮ ಸಡಿಲಾದ ಮೇಲೆ ಒಂದು ದಿನ ಸುಮ್ಮನೆ ಕ್ಯಾಮೆರಾ ಇಟ್ಟು ಕೂತೆ. ಮನೆಗೆ ಬಂದು ನೋಡಿದರೆ, ನಾನು ಇಷ್ಟು ವರ್ಷ ತೆಗೆದ ಎಲ್ಲ ಮದುವೆಗಳಿಗಿಂತ ಆ ಇಪ್ಪತ್ತು ನಿಮಿಷ ಚೆನ್ನಾಗಿತ್ತು.

ನಾವು ನಾಲ್ಕು ಮಂದಿ ಸೇರಿದೆವು. ನಾನು ಕುಷ್ಟಗಿಯವನು. ಯಲಬುರ್ಗಾದ ಒಬ್ಬ ಮಾಸ್ತರು ಬರೆಯುವುದಕ್ಕೆ. ಗಂಗಾವತಿಯ ಒಬ್ಬ ಸೌಂಡ್ ಸಿಸ್ಟಂ ಗೆಳೆಯ ಧ್ವನಿಗೆ. ಅವನಿಗೂ ಜಾತ್ರೆ ಇಲ್ಲ, ಕೆಲಸ ಇಲ್ಲ. ಕೊಪ್ಪಳದ ಒಬ್ಬ ಹುಡುಗ ಕಂಪ್ಯೂಟರಿನಲ್ಲಿ ಎಡಿಟಿಂಗ್ ಮಾಡುವವನು. ನಾಲ್ಕು ತಾಲ್ಲೂಕು, ನಾಲ್ಕು ನಾಲಿಗೆ. ಮೊದಲ ಜಗಳ ಕತೆಗೆ ಆಗಲಿಲ್ಲ, 'ಐತಿ' ಅನ್ನಬೇಕೋ 'ಐತೆ' ಅನ್ನಬೇಕೋ ಎಂಬುದಕ್ಕೆ ಆಯಿತು. ಗಂಗಾವತಿಯವನು ಬಿಡಲೊಲ್ಲ, ಮಾಸ್ತರು ಬಿಡಲೊಲ್ಲರು. ಕೊನೆಗೆ ಗಂಗಾವತಿಯಿಂದ ಬಂದ ಅಳಿಯ ಎಂಬ ಒಂದು ಪಾತ್ರವನ್ನೇ ಮಾಡಿ, ಅವನ ಬಾಯಲ್ಲಿ 'ಐತೆ' ಹಾಕಿದೆವು. ಅವನು ಬಾಯಿ ತೆರೆದರೆ ಅತ್ತೆ ತಿದ್ದುತ್ತಾಳೆ. ಅದೇ ನಮ್ಮ ಮೊದಲ ನಗೆ.

ಮಕ್ಕಳಿಗಾಗಿ ಒಂದು ಮಾತು. ಧಾರಾವಾಹಿಗೆ ಇಂಗ್ಲಿಷಿನಲ್ಲಿ 'ಸೋಪ್' ಅನ್ನುತ್ತಾರೆ, ಅಂದರೆ ಸಾಬೂನು. 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ದಿನಾ ಬರುತ್ತಿದ್ದ ಸಂಸಾರದ ಕತೆಗಳಿಗೆ ಸಾಬೂನಿನ ಕಂಪನಿಗಳು ದುಡ್ಡು ಹಾಕುತ್ತಿದ್ದವು. ಕೇಳುವವರು ಮನೆಯಲ್ಲಿ ಬಟ್ಟೆ ಪಾತ್ರೆ ತೊಳೆಯುವ ಹೆಣ್ಣುಮಕ್ಕಳು. ಅದಕ್ಕೇ ಆ ಹೆಸರು. ನಮ್ಮ ದೇಶದಲ್ಲಿ ದೂರದರ್ಶನದ 'ಹಮ್ ಲೋಗ್' 1984ರ ಜುಲೈ 7ರಂದು ಶುರುವಾಯಿತು. ಅದೂ ಒಂದು ಸಾಧಾರಣ ಸಂಸಾರದ ಕತೆ. ಕನ್ನಡದಲ್ಲಿ ನಗೆ ಧಾರಾವಾಹಿ ಅಂದರೆ ನಮ್ಮ ಮನೆಗಳಲ್ಲಿ ಈಟಿವಿ ಕನ್ನಡದ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ'. ಅವನ್ನು ನೋಡಿ ನಾವೂ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಆದರೆ ಅವು ಬೆಂಗಳೂರಿನ ಹಾಲ್‌ನಲ್ಲಿ, ಸೋಫಾದ ಮೇಲೆ ನಡೆಯುವ ಕತೆಗಳು. ನಮ್ಮ ಕಡೆ ಹಾಲ್ ಎಲ್ಲಿದೆ? ನಮ್ಮ ಸಂಸಾರದ ಅರ್ಧ ಕತೆ ಕಟ್ಟೆಯ ಮೇಲೆ, ಇನ್ನರ್ಧ ನಳದ ಹತ್ತಿರ. ಮತ್ತೊಂದು ನನಗೆ ಮೊದಲಿನಿಂದ ಚುಚ್ಚುತ್ತಿತ್ತು. ಸಿನಿಮಾದಲ್ಲಾಗಲಿ ಧಾರಾವಾಹಿಯಲ್ಲಾಗಲಿ ನಮ್ಮ ಭಾಷೆ ಆಡುವವನು ಬಂದರೆ ಬಹಳ ಸಲ ಅವನು ಮನೆಯ ಆಳು, ಇಲ್ಲವೆ ದಡ್ಡ. ಅವನು ಏನು ಹೇಳುತ್ತಾನೆ ಎಂಬುದಕ್ಕಲ್ಲ, ಹೇಗೆ ಹೇಳುತ್ತಾನೆ ಎಂಬುದಕ್ಕೇ ನಗು.

ಈ ಚುಚ್ಚು ನಮಗಷ್ಟೇ ಅಲ್ಲ ಅಂತ ಆಮೇಲೆ ತಿಳಿಯಿತು. ಇಂಗ್ಲೆಂಡಿನಲ್ಲಿ 'ಕೊರೊನೇಶನ್ ಸ್ಟ್ರೀಟ್' ಅಂತ ಒಂದು ಧಾರಾವಾಹಿ ಇದೆ. ಹೆಸರೇ ಒಂದು ಓಣಿಯ ಹೆಸರು. 1960ರ ಡಿಸೆಂಬರ್ 9ರಂದು ಶುರುವಾಯಿತು. ಬರೆದ ಟೋನಿ ವಾರೆನ್‌ಗೆ ಆಗ 24 ವರ್ಷ. ಲಂಡನ್ನಿನ ಮಾತಲ್ಲ, ಉತ್ತರದ ಮ್ಯಾಂಚೆಸ್ಟರ್ ಕಡೆಯ ಗಿರಣಿ ಕೆಲಸಗಾರರ ಮಾತು. ಮೊದಲು 13 ಕಂತಿಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದರು. ಇದು ಬಹಳ ದಿನ ನಡೆಯೋದಿಲ್ಲ ಅಂತ ಪತ್ರಿಕೆಯವರೊಬ್ಬರು ಬರೆದೂ ಬಿಟ್ಟರು. 2020ರ ಫೆಬ್ರವರಿಯಲ್ಲಿ ಅದರ 10,000ನೆಯ ಕಂತು ಬಂತು. ಅವರಿಗೂ ಉತ್ತರ, ನಮಗೂ ಉತ್ತರ! ನಮ್ಮ ಮಾಸ್ತರು ಇದನ್ನು ಕೇಳಿ, "ಹಂಗಾರ ನಮಗ ಇನ್ನೂ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೆಂಟು ಬಾಕಿ ಅದಾವು" ಅಂದರು. ಆಗ ನಮ್ಮವು ಎರಡೇ ಆಗಿದ್ದವು.

ದೂರದ ಇಂಗ್ಲೆಂಡ್ ಯಾಕೆ, ನಮ್ಮ ಜಿಲ್ಲೆಯಲ್ಲೇ ಇದರ ಬೇರು ಇದೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅಜ್ಜಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆಲ್ಲ ಗೊತ್ತು. ತೊಗಲು ಗೊಂಬೆ ಆಟದಲ್ಲಿ ರಾಮಾಯಣ ಮಹಾಭಾರತದ ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬರುತ್ತಾರೆ. ರಾವಣನ ಆಸ್ಥಾನ ನಡೆದಿದ್ದರೂ ಅವರು ಮಾತಾಡುವುದು ನಮ್ಮ ಊರಿನ ಗಂಡ ಹೆಂಡಿರ ಜಗಳ. ದೊಡ್ಡಾಟದಲ್ಲಿ ಸಾರಥಿ ಇರುತ್ತಾನೆ. ರಾಜನ ಗತ್ತಿನ ಮಾತಿಗೆ ಅವನು ಓಣಿಯ ಭಾಷೆಯಲ್ಲಿ ಉತ್ತರ ಕೊಡುತ್ತಾನೆ. ಇನ್ನು ಬೀಚಿಯವರ ತಿಂಮ ಇದ್ದಾನೆ. ಬೀಚಿಯವರನ್ನು ಓದಿಕೊಂಡೇ ಬೆಳೆದ ನಮ್ಮ ಗಂಗಾವತಿ ಪ್ರಾಣೇಶರು ಮೈಕಿನ ಮುಂದೆ ಒಬ್ಬರೇ ನಿಂತು ನಮ್ಮ ಭಾಷೆಯಲ್ಲೇ ಬೆಂಗಳೂರಿನವರನ್ನೂ ಅಮೆರಿಕದ ಕನ್ನಡಿಗರನ್ನೂ ನಗಿಸಿದರು. ಈಗ ಯೂಟ್ಯೂಬಿನಲ್ಲಿ ಮಲ್ಲು ಜಮಖಂಡಿ, ಶಿವಪುತ್ರ ಯಶಾರ್ಧ ಇಂಥವರ ಉತ್ತರ ಕರ್ನಾಟಕದ ಕಾಮಿಡಿಗಳನ್ನು ನೀವೆಲ್ಲ ನೋಡುತ್ತೀರಿ. ಮಕ್ಕಳು ಪಾಠಕ್ಕಿಂತ ಹೆಚ್ಚು ನೋಡುತ್ತಾರೆ ಅಂತ ಗುರುಗಳು ಈಗ ತಾನೆ ನನ್ನ ಕಿವಿಯಲ್ಲಿ ಹೇಳಿದರು. ಚಾನೆಲ್ಲಿನವರ ಬಾಗಿಲು ತಟ್ಟದೆ, ಸ್ವಂತ ಊರಲ್ಲೇ ನಿಂತು ಮಾಡಬಹುದು ಎಂಬ ಧೈರ್ಯ ನಮಗೆ ಬಂದದ್ದು ಇಂಥವರನ್ನು ನೋಡಿಯೇ.

ಹೇಗೆ ಮಾಡಿದೆವು ಎಂಬುದನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ಬೆಳಿಗ್ಗೆಯೇ ಕೇಳಿದರು. ಕ್ಯಾಮೆರಾದ ಚಿಂತೆ ಮಾಡಬೇಡಿ, ಫೋನ್ ಸಾಕು. ಧ್ವನಿಯ ಚಿಂತೆ ಮಾಡಿ. ಚಿತ್ರ ಮಸುಕಾದರೆ ಜನ ತಾಳುತ್ತಾರೆ, ಮಾತು ಕೇಳಿಸದಿದ್ದರೆ ತಾಳುವುದಿಲ್ಲ. ನಮ್ಮ ಓಣಿಯಲ್ಲಿ ಒಂದು ಕಡೆ ಬೋರ್‌ವೆಲ್ ಮೋಟಾರು, ಇನ್ನೊಂದು ಕಡೆ ಹಿಟ್ಟಿನ ಗಿರಣಿ, ನಡುವೆ ಆಡು. ಅದಕ್ಕೆ ಬೆಳಿಗ್ಗೆ ಆರರಿಂದ ಎಂಟರ ತನಕ ಮಾತ್ರ ಶೂಟಿಂಗ್. ಮೋಟಾರು ಶುರುವಾದರೆ ನಮ್ಮ ಅಂಗಡಿ ಬಂದ್. ಕತೆಯೂ ಹಾಗೇ ಹುಟ್ಟಿತು. ಕುಷ್ಟಗಿ, ಯಲಬುರ್ಗಾ ಕಡೆ ನಮಗೆ ಕಾಲುವೆ ಇಲ್ಲ, ಮಳೆ ಇಲ್ಲವೆ ಬೋರು. ನಳಕ್ಕೆ ನೀರು ಯಾವಾಗ ಬರುತ್ತದೆ ಎಂಬುದೇ ನಮ್ಮ ಓಣಿಯ ರಾಜಕೀಯ. ತುಂಗಭದ್ರಾ ಎಡದಂಡೆಯ ನೀರು ಕುಡಿದು ಬೆಳೆದ ಗಂಗಾವತಿಯ ಅಳಿಯ ನಮ್ಮ ನಳದ ಸಾಲಿನಲ್ಲಿ ಕೊಡ ಹಿಡಿದು ನಿಂತರೆ ಸಾಕು, ಡೈಲಾಗೇ ಬೇಕಿಲ್ಲ.

ಐದೇ ಪಾತ್ರ. ನಳದ ಅತ್ತೆ, ಗಂಗಾವತಿ ಅಳಿಯ, ಹೋಟೆಲ್ ಕಾಕಾ, ಎಲ್ಲ ಅರ್ಜಿಗಳನ್ನೂ ಬರೆದುಕೊಡುವ ಆದರೆ ತನ್ನ ಒಂದು ಕೆಲಸವೂ ಆಗದ ಅರ್ಜಿ ಅಣ್ಣ, ಮತ್ತು ಗೌಂಡಿ ತಮ್ಮ. ಒಬ್ಬೊಬ್ಬರಿಗೂ ಒಂದೊಂದೇ ಆಸೆ. ಕಾಕಾನಿಗೆ ಉದ್ರಿ ವಸೂಲಾಗಬೇಕು. ಅತ್ತೆಗೆ ಮೊದಲ ಕೊಡ ತನ್ನದಾಗಬೇಕು. ಆಸೆ ಪೂರ್ತಿ ಆಗಿಬಿಟ್ಟರೆ ಧಾರಾವಾಹಿ ಮುಗಿಯಿತು, ಆದ್ದರಿಂದ ಪ್ರತಿ ಕಂತಿನಲ್ಲೂ ಅದು ಇನ್ನೇನು ಕೈಗೆ ಬಂತು ಅನ್ನುವಷ್ಟರಲ್ಲಿ ತಪ್ಪಬೇಕು. ಕಂತಿಗೆ ಎಂಟು ನಿಮಿಷ.

ಹೆಣ್ಣು ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಇದೇ ಶಾಲೆಯ ಗ್ಯಾದರಿಂಗಿನಲ್ಲಿ ಸೀರೆ ಉಟ್ಟು ನಾನೇ ತಾಯಿ ಪಾತ್ರ ಮಾಡಿದ್ದೆ, ನಡೆಯುವಾಗ ನೆರಿಗೆ ಬಿಚ್ಚಿ ಬಿದ್ದಿತ್ತು, ಹಳಬರಿಗೆ ನೆನಪಿರಬೇಕು. ಅದೇ ಧೈರ್ಯದ ಮೇಲೆ ಮೊದಲ ಕಂತಿಗೆ ಗಂಡಸಿಗೇ ಸೀರೆ ಉಡಿಸಿದೆವು. ಚೆನ್ನಾಗಿರಲಿಲ್ಲ. ಮಾಸ್ತರು ಕುಕನೂರಿಗೆ ಹೋಗಿ, ವೃತ್ತಿ ನಾಟಕ ಕಂಪನಿಗಳಲ್ಲಿ ಜೀವಮಾನ ಸವೆಸಿದ ಒಬ್ಬ ಹಿರಿಯ ಕಲಾವಿದೆಯನ್ನು ಕೇಳಿಕೊಂಡರು. ಕುಕನೂರು ಕಂಪನಿ ನಾಟಕದ ಹೆಣ್ಣುಮಕ್ಕಳ ಊರು. ಆ ತಾಯಿ ಬಂದು ನಮ್ಮ ಮೊದಲ ಕಂತನ್ನು ನೋಡಿದರು. ಒಂದು ಸಲವೂ ನಗಲಿಲ್ಲ. ಆಮೇಲೆ, "ನೀವು ಎಲ್ಲಾರೂ ನಗಸಾಕ ನಿಂತೀರಿ. ಒಬ್ಬರೂ ನೀರ ತುಂಬಾಕ ನಿಂತಿಲ್ಲ. ಕೊಡದಾಗ ನೀರ ಬೇಕು ಅನ್ನೂದು ಮುಖದಾಗ ಕಾಣ್ಲಿ, ಮಂದಿ ತಾವ ನಗತಾರ" ಅಂದರು. ಅವರೇ ನಳದ ಅತ್ತೆಯಾದರು. ಸಂಭಾವನೆ ಬೇಡ, ಬರುವ ಹೋಗುವ ಬಸ್ ಚಾರ್ಜು, ಒಂದು ಡಬರಿ ಚಹಾ ಅಂದರು. ನಾವೂ ಅಷ್ಟೇ ಕೊಟ್ಟೆವು. ಅದು ಸರಿಯಾಗಲಿಲ್ಲ ಅಂತ ಈಗ ಅನಿಸುತ್ತದೆ.

ದುಡ್ಡಿನ ಮಾತು ಬಂತು, ಹೇಳಿಬಿಡುತ್ತೇನೆ. ಯೂಟ್ಯೂಬಿನಿಂದ ಲಕ್ಷ ಲಕ್ಷ ಬರುತ್ತದೆ ಅಂತ ಊರಲ್ಲಿ ಸುದ್ದಿ. ಆಗಿನ ನಿಯಮ ಏನಂದರೆ, ಜಾಹೀರಾತಿನ ಹಣದಲ್ಲಿ ಪಾಲು ಬೇಕಾದರೆ 1,000 ಚಂದಾದಾರರು ಬೇಕು, ಒಂದು ವರ್ಷದಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು. ಮಕ್ಕಳೇ, ಲೆಕ್ಕ ಹಾಕಿ. 4,000 ಗಂಟೆ ಅಂದರೆ 2,40,000 ನಿಮಿಷ. ಎಂಟು ನಿಮಿಷದ ಕಂತನ್ನು ಪೂರ್ತಿ ನೋಡಿದರೆ 30,000 ಸಲ. ಆದರೆ ಅರ್ಧಕ್ಕೇ ಬಿಟ್ಟು ಹೋಗುವವರೇ ಬಹಳ, ಹಾಗಾದರೆ 60,000 ಸಲ. ನಮಗೆ ಅಷ್ಟು ಆಗುವಷ್ಟರಲ್ಲಿ ವರ್ಷ ಹತ್ತಿರ ಬಂದಿತ್ತು. ಒಂದು ಕಂತಿನಲ್ಲಿ ಹಿಂದಿನ ಪಾನ್ ಅಂಗಡಿಯಲ್ಲಿ ಸಿನಿಮಾ ಹಾಡು ಹತ್ತಿತ್ತು. ನಮಗೆ ಗಮನವೇ ಇಲ್ಲ. ಆ ಹಾಡಿನ ಹಕ್ಕಿನವರಿಗೆ ಗುರುತು ಸಿಕ್ಕಿ, ಆ ಕಂತಿನ ಹಣವೆಲ್ಲ ಅವರ ಪಾಲಾಯಿತು. ಅವರದ್ದು ನ್ಯಾಯವೇ. ಅಂದಿನಿಂದ ಶೂಟಿಂಗಿಗೆ ಮೊದಲು ಪಾನ್ ಅಂಗಡಿಯವನಿಗೆ ಒಂದು ಚಹಾ ಕೊಟ್ಟು ರೇಡಿಯೋ ಬಂದ್ ಮಾಡಿಸುವುದು ನಿರ್ದೇಶಕರ ಕೆಲಸ, ಅಂದರೆ ನನ್ನದು.

ಈಗ ಆ ತಪ್ಪಿಗೆ ಬರುತ್ತೇನೆ.

ನಾಲ್ಕನೆಯ ಕಂತಿಗೆ ಒಂದು ಹೊಸ ಪಾತ್ರ ಬೇಕಿತ್ತು. ನಮ್ಮ ಓಣಿಗೆ ಹಾಲು ಹಾಕುವ ಒಬ್ಬರು ಇದ್ದಾರೆ. ಮಾತು ಆಡುವಾಗ ಅವರಿಗೆ ತಡವರಿಕೆ. ನಾವು ಹಾಲಿನ ಅಣ್ಣ ಅಂತ ಒಂದು ಪಾತ್ರ ಮಾಡಿ, ಅವನು ತಡವರಿಸಿ ಲೀಟರಿನ ಲೆಕ್ಕ ಹೇಳುವಷ್ಟರಲ್ಲಿ ಹಾಲು ಉಕ್ಕಿ ಹೋಗುವ ಹಾಗೆ ಬರೆದೆವು. ಬರೆದದ್ದು ಮಾಸ್ತರಲ್ಲ, ನಾನು. ಮಾಸ್ತರು ಬೇಡ ಅಂದಿದ್ದರು. ಯಾರಿಗೂ ಗೊತ್ತಾಗುವುದಿಲ್ಲ, ಹೆಸರು ಬೇರೆ ಇಟ್ಟಿದ್ದೇವೆ ಅಂತ ನಾನು ವಾದ ಮಾಡಿದೆ. ಎಂಥ ದಡ್ಡ ಮಾತು ನೋಡಿ. ಓಣಿಯ ಧಾರಾವಾಹಿ ಅಂದಮೇಲೆ ಗೊತ್ತಾಗುವುದೇ ಅದರ ಬಂಡವಾಳ. ಗಂಗಾವತಿಯವರು, ಕೊಪ್ಪಳದವರು ಅದನ್ನು ಪಾತ್ರ ಅಂತ ನೋಡಿದರು. ನಮ್ಮ ಓಣಿಯವರು ಮನುಷ್ಯನನ್ನು ನೋಡಿದರು. ನಮ್ಮ ಎಲ್ಲ ಕಂತುಗಳಿಗಿಂತ ಅದಕ್ಕೇ ಹೆಚ್ಚು ನೋಟ ಬಂತು. ನನಗೆ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ.

ಶಾಲೆಗಳು ತೆರೆದ ಹೊಸದು. ಅವರ ಮಗಳು ಆಗ ಇಲ್ಲೇ ಎಂಟನೆಯ ತರಗತಿ. ಹುಡುಗರು ಅವಳನ್ನು ಕಂಡಾಗಲೆಲ್ಲ ಆ ಡೈಲಾಗನ್ನು ತಡವರಿಸಿ ತಡವರಿಸಿ ಹೇಳುತ್ತಿದ್ದರಂತೆ. ಹುಡುಗಿ ಶಾಲೆ ಬಿಟ್ಟಳು. ಆರು ದಿನ. ಏಳನೆಯ ದಿನ ನನಗೆ ಇಲ್ಲಿಂದ ಒಬ್ಬ ಗುರುಗಳ ಫೋನ್ ಬಂತು. ನನಗೂ ಕಲಿಸಿದವರು ಅವರು. ಬೈಯಲಿಲ್ಲ. "ನೀ ಇಲ್ಲಿ ಕಲಿವಾಗ ನಿನಗ ಹುಡುಗರು ಏನಂತ ಕರೀತಿದ್ರಪಾ?" ಅಂತ ಕೇಳಿದರು. ಅಷ್ಟೇ. ನನ್ನ ಅಡ್ಡ ಹೆಸರನ್ನು ಈಗ ಇಲ್ಲಿ ಹೇಳುವುದಿಲ್ಲ. ಮೂವತ್ತು ವರ್ಷ ಆದಮೇಲೂ ಅದನ್ನು ಯಾರಾದರೂ ಸಂತೆಯಲ್ಲಿ ಕೂಗಿದರೆ ನನಗೆ ತಿರುಗಿ ನೋಡಲು ಆಗುವುದಿಲ್ಲ.

ಅವತ್ತೇ ಆ ಕಂತನ್ನು ಅಳಿಸಿದೆವು. ಎಡಿಟಿಂಗ್ ಹುಡುಗ ಅತ್ತ. ಅವನಿಗೆ ನಾಲ್ಕು ರಾತ್ರಿಯ ನಿದ್ದೆ ಹೋಗಿತ್ತು. ಆದರೆ ಅಳಿಸಿದರೆ ಅಳಿಯುತ್ತದೆಯೇ? ವಾಟ್ಸಾಪಿನಲ್ಲಿ ತುಂಡು ತುಂಡಾಗಿ ಓಡಾಡುತ್ತಲೇ ಇತ್ತು. ನಾನು ಅವರ ಮನೆಗೆ ಹೋದೆ. ಅವರು ಎಮ್ಮೆಗೆ ಮೇವು ಹಾಕುತ್ತಿದ್ದರು. ತಪ್ಪಾಯಿತು ಅಂದೆ. ಅವರು ಏನೂ ಅನ್ನಲಿಲ್ಲ. ಅನ್ನಲು ಹೋಗಿ ನಿಲ್ಲಿಸಿದರು, ಅದು ನನಗೆ ಕಾಣಿಸಿತು. ನನ್ನ ಮುಂದೆ ಮಾತಾಡಲು ಅವರಿಗೆ ಈಗ ಹೆದರಿಕೆ, ನಾನು ಎಲ್ಲಿ ಅದನ್ನೂ ಹಿಡಿದಿಟ್ಟುಕೊಳ್ಳುತ್ತೇನೋ ಎಂದು. ನನ್ನ ಜೀವನದಲ್ಲಿ ಅಷ್ಟು ಸಣ್ಣವನು ನಾನು ಯಾವತ್ತೂ ಆಗಿರಲಿಲ್ಲ. ಮಗಳು ಶಾಲೆಗೆ ಬಂದಳು, ಚೆನ್ನಾಗಿ ಪಾಸಾದಳು, ಈಗ ಕೊಪ್ಪಳದಲ್ಲಿ ಓದುತ್ತಿದ್ದಾಳೆ. ಅವರು ಇವತ್ತಿಗೂ ನಮ್ಮ ಮನೆಗೆ ಹಾಲು ಹಾಕುತ್ತಾರೆ. ಬಾಗಿಲ ಬಳಿ ಇಟ್ಟು ಹೋಗುತ್ತಾರೆ, ಲೆಕ್ಕವನ್ನು ಚೀಟಿಯಲ್ಲಿ ಬರೆದಿಡುತ್ತಾರೆ.

ಆಮೇಲೆ ಎರಡು ತಿಂಗಳು ಏನೂ ಮಾಡಲಿಲ್ಲ. ಮತ್ತೆ ಶುರು ಮಾಡಿಸಿದ್ದು ಕುಕನೂರಿನ ತಾಯಿ. ಅವರೇ ಹೇಳಿದರು: ಕಂಪನಿ ನಾಟಕದಲ್ಲಿ ಹಾಸ್ಯ ಪಾತ್ರದವನು ಊರಿಗೆ ಬಂದ ಕೂಡಲೇ ಮೊದಲು ಆ ಊರಿನ ಸುದ್ದಿ ಕೇಳಿಕೊಳ್ಳುತ್ತಿದ್ದನಂತೆ. ಗೌಡ, ಸಾಹುಕಾರ, ಫೌಜದಾರ, ಇವರ ಸುದ್ದಿ. ರಂಗದ ಮೇಲೆ ಅದನ್ನು ಎತ್ತುತ್ತಿದ್ದ. ಹೊತ್ತಿನ ಊಟಕ್ಕೆ ಪರದಾಡುವವನ ಸುದ್ದಿಯನ್ನು ಎತ್ತುತ್ತಿರಲಿಲ್ಲ. ನಾವು ಈಗ ಹಾಗೇ ಒಂದು ಕಟ್ಟು ಮಾಡಿಕೊಂಡಿದ್ದೇವೆ. ಬರೆದದ್ದನ್ನು ಮೊದಲು ಕಟ್ಟೆಯ ಮೇಲೆ ಓದಿ ಹೇಳುತ್ತೇವೆ. ಯಾರಾದರೂ ಇದು ನಾನೇ ಅಂತ ಎದ್ದು ಹೋದರೆ ಆ ಹಾಳೆ ಅಲ್ಲೇ ಹರಿಯುತ್ತೇವೆ. ಇದರಿಂದ ಕೆಲವು ಒಳ್ಳೆಯ ನಗೆಗಳೂ ಹೋಗಿವೆ, ಸುಳ್ಳು ಹೇಳುವುದಿಲ್ಲ. ಒಬ್ಬ ಮಾಜಿ ಸದಸ್ಯರು ಮಾತ್ರ, "ಇದು ನಾನ ಅಲ್ಲೇನು? ಹಂಗಾರ ಇನ್ನೊಂದೀಟ ದೊಡ್ಡದ ಮಾಡ್ರಿ" ಅಂದರು. ಅಂಥವರೂ ಇದ್ದಾರೆ.

ಇನ್ನು ನಮ್ಮ ಗೌಂಡಿ ತಮ್ಮನ ವಿಷಯ ಹೇಳಿ ಮುಗಿಸುತ್ತೇನೆ, ಊಟದ ಗಂಟೆ ಆಗಿದೆ. ಆ ಪಾತ್ರ ಮಾಡಿದವನು ನಿಜವಾಗಿಯೂ ಗೌಂಡಿಯೇ, ಉಡುಪಿಯಿಂದ ಬಂದವನು. ನಮ್ಮಲ್ಲಿ ಎಲ್ಲರಿಗಿಂತ ಸಹಜವಾಗಿ ಮಾಡುತ್ತಿದ್ದ. ಕೆಲಸಗಳು ಮತ್ತೆ ತೆರೆದ ಮೇಲೆ ಒಬ್ಬೊಬ್ಬರೇ ಹೊರಟರು. ಅವನೂ ಹೊರಟ. ಕತೆಯ ನಡುವೆ ನಾಯಕನೇ ಇಲ್ಲ! ಮಾಸ್ತರು ಅದನ್ನೇ ಕತೆ ಮಾಡಿದರು. ಧಾರಾವಾಹಿಯಲ್ಲೂ ತಮ್ಮ ಉಡುಪಿಗೆ ಹೋದ. ಅಲ್ಲಿ ಕಟ್ಟಡದ ಶೆಡ್ಡಿನಿಂದ ಅವನು ತನ್ನ ಫೋನಿನಲ್ಲೇ ತನ್ನ ಮಾತುಗಳನ್ನು ತೆಗೆದು ಕಳಿಸುತ್ತಾನೆ, ಇಲ್ಲಿ ಅತ್ತೆ ವಿಡಿಯೋ ಕಾಲಿನಲ್ಲಿ ಅವನಿಗೆ ನಳದ ಸುದ್ದಿ ಹೇಳುತ್ತಾಳೆ. ಹಿಂದೆ ಸಮುದ್ರದ ಕಡೆಯ ಮಳೆಯ ಸದ್ದು, ಮುಂದೆ ನಮ್ಮ ಒಣ ನಳ. ಆ ಕಂತುಗಳನ್ನು ಗೋವಾದಲ್ಲಿ, ಮಂಗಳೂರಿನಲ್ಲಿ ಇರುವ ನಮ್ಮ ಜನ ಬಹಳ ನೋಡಿದರು.

ಒಂದು ದಿನ ಅವನು ಫೋನ್ ಮಾಡಿದ. ಈ ಸಲದ ಕಂತು ಚಲೋ ಇಲ್ಲ ಅಂದ. ಯಾಕಪ್ಪಾ, ಎಲ್ಲರೂ ನಕ್ಕರಲ್ಲ ಅಂದೆ. ಹಾಗಲ್ಲಣ್ಣ ಅಂದ, ಸುಮ್ಮನಾದ. ಆಮೇಲೆ ಹೇಳಿದ. ನಳದ ಎಡಕ್ಕೆ ಕಾಣುವುದು ಹೋಟೆಲ್, ಬಲಕ್ಕೆ ಕಾಣುವುದು ಅವರ ಮನೆಯ ಬಾಗಿಲು. ಆ ಬಾಗಿಲಲ್ಲಿ ಅವನ ತಾಯಿ ಶೇಂಗಾ ಬಿಡಿಸುತ್ತಾ ಕೂಡುತ್ತಾಳೆ. ನಾವು ಮಾತಾಡುವವರನ್ನು ನೋಡುತ್ತಿದ್ದೆವು, ಅವನು ಪ್ರತಿ ಕಂತಿನಲ್ಲೂ ಹಿಂದೆ ಮಸುಕಾಗಿ ಕಾಣುವ ಅವಳನ್ನು ನೋಡುತ್ತಿದ್ದ. ಆ ಸಲ ನಾನು ಹೋಟೆಲಿನ ಬೋರ್ಡು ಚೆನ್ನಾಗಿ ಕಾಣಲಿ ಅಂತ ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿದ್ದೆ.

"ಇನ್ನೊಂದೀಟ ಬಲಕ್ಕ ಹಿಡೀರಿ ಅಣ್ಣಾ" ಅಂದ.

ಈಗ ಬಲಕ್ಕೇ ಹಿಡಿಯುತ್ತೇನೆ. ಅವನ ತಾಯಿಗೆ ಯಾರು ಹೇಳಿದರೋ ಗೊತ್ತಿಲ್ಲ, ಶೂಟಿಂಗ್ ಇದ್ದ ದಿನ ಬೆಳಿಗ್ಗೆ ಆರಕ್ಕೇ ತಲೆ ಬಾಚಿಕೊಂಡು, ಇಳಕಲ್ಲ ಸೀರೆ ಉಟ್ಟು, ಒಂದು ಮೊರ ಶೇಂಗಾ ಇಟ್ಟುಕೊಂಡು ಬಾಗಿಲಲ್ಲಿ ಕೂತಿರುತ್ತಾಳೆ. ಕ್ಯಾಮೆರಾದ ಕಡೆ ನೋಡಬೇಡ ಅಮ್ಮಾ ಅಂದರೂ ನೋಡುತ್ತಾಳೆ.